ಮೊಖೊಟ್ಲಾಂಗಿನಲ್ಲಿ ಎರಡು ಸೆಲ್ಲು

ಮಿನಿಬಸ್ ನಿಲ್ದಾಣದ ಹಿಂದೆ ನನ್ನ ತಗಡಿನ ಶೆಡ್ಡು.
ಜುಲೈ ಗಾಳಿಗೆ ಬೆಸುಗೆಯ ಕಡ್ಡಿಯೂ ನಡುಗುತ್ತದೆ.
ಮೊಟ್ಲಾತ್ಸಿ ಬಂದ, ಕುರಿ ಕಾಯುವ ಹುಡುಗ,
ಮೂರು ಗಂಟೆ ಇಳಿಜಾರು ನಡೆದು,
ಕಂಬಳಿಯೊಳಗೆ ಎಳೆಗೂಸಿನ ಹಾಗೆ ರೇಡಿಯೋ.
"ಸೆಲ್ಲು ಸರಿಯಿದೆ ಔಸಿ, ಅಂಗಡಿಯವ ಅಳೆದೇ ಕೊಟ್ಟ.
ಕೆಟ್ಟಿರೋದು ಇದರ ಗಂಟಲು."

ನನ್ನ ಮೀಟರು ಮುಳ್ಳಿನದು, ಗಾಜಿಗೆ ಬಿರುಕು.
ಸೆಲ್ಲಿನ ಆ ತುದಿಗೊಂದು ಕಡ್ಡಿ, ಈ ತುದಿಗೊಂದು.
ಒಂದು ಪಾಯಿಂಟ್ ನಾಲ್ಕು.
ಜೊತೆಯದೂ ಅಷ್ಟೇ.
ವೋಲ್ಟು ಅಳೆಯುವುದು ಬೇಲಿಯಾಚೆ ನಿಂತು ವಿಚಾರಿಸಿದಂತೆ.
ಕೆಲಸವಿಲ್ಲದೆ ಕೂತ ಸೆಲ್ಲು
ಕೇಳಿದವರಿಗೆಲ್ಲ ಚೆನ್ನಾಗಿದ್ದೇನೆ ಅನ್ನುತ್ತದೆ.

ಗುಂಡಿ ತಿರುಗಿಸಿದೆ. ಹೊರೆ ಬಿತ್ತು.
ಮತ್ತೆ ಕಡ್ಡಿ ಇಟ್ಟೆ.
ಒಂದು, ಕೂದಲೆಳೆಯಷ್ಟು ಇಳಿಯಿತು;
ಇನ್ನೊಂದು ಅರ್ಧ ದಾರಿಗೇ ಮಂಡಿಯೂರಿತು.
ಹುಡುಗ ಅದನ್ನು ನೋಡಿದ,
ಕುಂಟುವುದನ್ನು ಇಷ್ಟು ದಿನ ಮುಚ್ಚಿಟ್ಟ ಟಗರನ್ನು ನೋಡುವಂತೆ.
ಒಂದಕ್ಕಷ್ಟೇ ದುಡ್ಡು ತಗೊಂಡೆ.

"ಹರಿಯೋದನ್ನೂ ಹೀಗೇ ಮುಟ್ಟಿ ಅಳೀತೀಯಾ?"

ನಗು ಬಂತು. ಹದಿನಾಲ್ಕನೇ ವಯಸ್ಸಿನಲ್ಲಿ
ನಲವತ್ತು ಮಕ್ಕಳಿಗೆ ಒಂದೇ ಮೀಟರಿದ್ದ ಶಾಲೆಯಲ್ಲಿ
ಹಾಗೇ ಮುಟ್ಟಿಸಿದ್ದೆ. ಟಿಕ್ ಅಂದಿತು ಫ್ಯೂಸು.
ಫಾಫೋಲಿ ಮೇಷ್ಟ್ರು ಬೈಯಲಿಲ್ಲ,
ಮೂರು ಶನಿವಾರ ಮೊಟ್ಟೆ ಮಾರಿಸಿ ಹೊಸತು ತರಿಸಿದರು.
"ಕರೆಂಟನ್ನು ದಡದಲ್ಲಿ ನಿಂತು ಅಳೆಯೋಕಾಗಲ್ಲ ಮಗಳೇ,
ದಾರಿ ಕಡಿ. ಕಡಿದಲ್ಲಿ ನೀನೇ ದಾರಿಯಾಗು."
ನನಗೆ ಆಗ ಅರ್ಥವಾದದ್ದು ಮೊಟ್ಟೆಯ ರೇಟು ಮಾತ್ರ.

ಬಿಸ್ಕತ್ತಿನ ರಟ್ಟು ಕತ್ತರಿಸಿ
ಸೆಲ್ಲಿಗೂ ಸ್ಪ್ರಿಂಗಿಗೂ ನಡುವೆ ತೂರಿಸಿದೆ.
ರೇಡಿಯೋ ಮೂಕ.
ರಟ್ಟಿನ ಆಚೆಗೊಂದು ಕಡ್ಡಿ, ಈಚೆಗೊಂದು.
ಮಸೇರುವಿನಿಂದ ಒಬ್ಬ ಹೆಂಗಸು ಮಾತಾಡತೊಡಗಿದಳು,
ಹವಾಮಾನ.
ಮೂವತ್ತು ಮಿಲಿ ಆಂಪಿಯರು;
ದನಿಯೇರಿಸಿದರೆ ನಲವತ್ತು,
ಉಸಿರೆಳೆದುಕೊಂಡಾಗ ಹನ್ನೆರಡು.
ಹುಡುಗ ಕೇಳುವುದು ಬಿಟ್ಟು
ಮುಳ್ಳನ್ನೇ ನೋಡುತ್ತಿದ್ದ, ಬಾಯಿ ತೆರೆದು.
"ಇವಳು ಇಷ್ಟೊಂದು ತಿಂತಾಳಾ?"

"ಇಂದು ರಾತ್ರಿ ಮೇಲಿನ ಹುಲ್ಲುಗಾವಲಿನಲ್ಲಿ ಹಿಮ," ಅಂದಳವಳು.
ಮುಳ್ಳು ಎದ್ದು, ಒಂದು ಕ್ಷಣ ನಿಂತು, ಬಿತ್ತು.
ಅವನ ಕೈ ಆಗಲೇ ಕಂಬಳಿಯ ಪಿನ್ನಿನ ಮೇಲೆ.
"ತೆಗಿ ಔಸಿ, ಸಾಕು. ಕುರಿಗಳು ಮೇಲಿವೆ."

ಕಡ್ಡಿಗಳನ್ನೆತ್ತಿದೆ.
ಅವಳು ಅರ್ಧ ಮಾತಿಗೇ ನಿಂತಳು.
ರಟ್ಟು ಎಳೆದು, ಸೆಲ್ಲು ಒತ್ತಿ,
ಮುಚ್ಚಳ ಹಾಕುವಷ್ಟು ಹೊತ್ತು
ತಗಡಿನ ಮೇಲೆ ಗಾಳಿ ಒಂದೇ.