ನಾಲ್ಕನೇ ಪಂಪು

ಹೀಲ್ಕೆ ಎಂಬ ಹುಡುಗ, ಲ್ಯಾಬಿನವನು,
ಕೆಂಪು ಹಸಿರು ಚೌಕಗಳ ಹಾಳೆಯೊಂದನ್ನು
ನನ್ನ ಮುಂದೆ ಹರವಿದ.
ಯಾರೋ ಅವಸರದಲ್ಲಿ ಹೊಲಿದ ಕೌದಿ.
"ಇಲ್ಲಿ ನೋಡಿ, ಈ ಕೆಂಪು.
ಹೋದ ವರ್ಷ ಬರೀ ಮಸುಕು.
ಈಗ ಹದಿನೇಳು ಪಟ್ಟು."

ಏನು ಹದಿನೇಳು ಪಟ್ಟು, ಕೇಳಲಿಲ್ಲ ನಾನು.
ಮೂವತ್ತೊಂದು ವರ್ಷ ಮೀಟರುಗಳ ಮುಂದೆ ಕೂತವಳು,
ಮುಳ್ಳು ಕೆಂಪಿಗೆ ಹೋದರೆ
ಎಲ್ಲೋ ಏನೋ ಜೋರಾಗಿ ಓಡುತ್ತಿದೆ,
ಅಷ್ಟು ಗೊತ್ತು.

"ಪಂಪು" ಎಂದ,
ಫೈಲಿನಲ್ಲಿ ನನ್ನ ಹಳೇ ಕೆಲಸ ಓದಿದ್ದನೇನೋ,
ಹೇಳಿ ನಾಚಿಕೊಂಡ.

ಜೀವಕೋಶದ ಗೋಡೆಯಲ್ಲಿ ಒಂದು ಪುಟ್ಟ ಪಂಪು.
ಯೂ ಮರದ ತೊಗಟೆಯಿಂದ ಬಂದ ಆ ಔಷಧಿ
ಹನಿಹನಿಯಾಗಿ ನರಕ್ಕಿಳಿದು
ನನ್ನ ಕೂದಲು ಕಿತ್ತು, ಬೆರಳ ತುದಿ ಮರಗಟ್ಟಿಸಿ
ಅಂತೂ ಗಡ್ಡೆಯ ಬಾಗಿಲು ಮುಟ್ಟಿದರೆ,
ಒಳಗೆ ಕಾಲಿಟ್ಟದ್ದೇ ತಡ
ಎತ್ತಿ ಹೊರಗೆ ಚೆಲ್ಲುತ್ತದಂತೆ.

ನಗು ಬಂತು.
ನಗುವ ಜಾಗವಲ್ಲ, ಆದರೂ ಬಂತು.
ಫ್ರೀಸ್‌ಲ್ಯಾಂಡಿನ ನಮ್ಮೂರು ಸಮುದ್ರಕ್ಕಿಂತ ತಗ್ಗು.
ದೋಣಿಗಳ ತಳಕ್ಕಿಂತ ಕೆಳಗೆ ಹಸು ಮೇಯುತ್ತವೆ.
ಬಂದ ನೀರನ್ನು ಬಂದ ಹಾಗೆ ಚೆಲ್ಲಿದರಷ್ಟೇ
ಆಲೂಗಡ್ಡೆ, ಹಾಲು, ಚರ್ಚು, ಹೆರಿಗೆ.

"ಅಕ್ಷರವೇನಾದರೂ ಕೆಟ್ಟಿತೆ?"
"ಇಲ್ಲ, ಒಂದೂ ಅಳಿಸಿಲ್ಲ, ತಿದ್ದಿಲ್ಲ.
ಪುಸ್ತಕ ಅದೇ. ಮಡಿಸಿಟ್ಟ ಒಂದು ಪುಟ ಬಿಚ್ಚಿ
ಗಟ್ಟಿಯಾಗಿ, ಮತ್ತೆ ಮತ್ತೆ ಓದುತ್ತಿವೆ."

ಪುಸ್ತಕ ಬಿಡು, ಹುಡುಗ.
ನನಗೆ ನೆನಪಾದದ್ದು ಆ ಅಕ್ಟೋಬರು.
ವಾಯವ್ಯದ ಗಾಳಿ, ಕಾಲುವೆ ಕಂಠಮಟ್ಟ,
ಮೂರು ಪಂಪಿಗೂ ಏದುಸಿರು.
ಹೊಸ ಯಂತ್ರ ಯಾರೂ ತರಲಿಲ್ಲ.
ನಾಲ್ಕನೆಯದು ಅಲ್ಲೇ ಇತ್ತು, ಟಾರ್ಪಾಲಿನಡಿ,
ನಾನು ಕೆಲಸಕ್ಕೆ ಸೇರಿದ ದಿನದಿಂದ.
ವೀಬ್ರೆನ್ ಅದರ ಮೇಲೆ ಊಟದ ಡಬ್ಬಿ ಇಡುತ್ತಿದ್ದ.
ಡಬ್ಬಿ ಎತ್ತಿ ಕೆಳಗಿಟ್ಟ.
ಗುಂಡಿ ಒತ್ತಿದೆ.
ಊರು ಉಳಿಯಿತು.

"ಇಲ್ಲಿ ಒತ್ತಿದವರು ಯಾರು?"
ನಮ್ಮಲ್ಲಿ ದಾಖಲೆ ಪುಸ್ತಕವಿತ್ತು: ಗಂಟೆ, ಮಟ್ಟ, ಸಹಿ.

ಹೀಲ್ಕೆ ತಡೆದು ಹೇಳಿದ, ಯಾರೂ ಅಲ್ಲ.
ಅಷ್ಟು ಕೋಟಿಯಲ್ಲಿ ಎಲ್ಲೋ ಕೆಲವು
ಔಷಧಿ ಬರುವ ಮೊದಲೇ, ಸುಮ್ಮಸುಮ್ಮನೆ
ಪಂಪು ಹಾಕಿಕೊಂಡು ಕೂತಿದ್ದವು.
ಉಳಿದವು ಮುಳುಗಿದವು.
ಮುಳುಗದವುಗಳ ಮಕ್ಕಳು, ಮೊಮ್ಮಕ್ಕಳು ಇವು.
ಬಿಚ್ಚಿದ ಪುಟ ಬಿಚ್ಚಿದ ಹಾಗೇ
ಬಳುವಳಿ ಬಂತು.

ಅಂದರೆ ಹೋದ ಬೇಸಿಗೆ, ಸ್ಕ್ಯಾನು ಸ್ವಚ್ಛವೆಂದು
ತಂಗಿ ಯೆಲ್ಟ್ಯೆ ಸಕ್ಕರೆ ಬ್ರೆಡ್ಡು ಹೊತ್ತು ಬಂದಾಗ,
ನಾವು ಬೆಣ್ಣೆ ಸವರಿ ಸವರಿ ತಿನ್ನುವಾಗ,
ಒಂದು ಮೂಲೆಯಲ್ಲಿ
ರಾತ್ರಿಪಾಳಿ ನಡೆದೇ ಇತ್ತು.

"ಪ್ಲಗ್ಗು ಕಿತ್ತುಬಿಡಿ ಮತ್ತೆ."
"ಕಿತ್ತು ನೋಡಿದವರಿದ್ದಾರೆ. ಅದೇ ಪಂಪು
ಕರುಳಲ್ಲಿದೆ, ಮಿದುಳಿನ ಹೊಸ್ತಿಲಲ್ಲಿದೆ.
ಅರವತ್ತು ವರ್ಷ ನಿಮ್ಮನ್ನು ವಿಷದಿಂದ ಕಾದದ್ದು ಅದೇ."

ಬೇಲಿಯೇ ಎದ್ದು ಹೊಲ ಮೇಯ್ದರೆ ಬೈಯಬಹುದು.
ಬೇಲಿ ತನ್ನ ಪಾಡಿಗೆ ಬೇಲಿಯಾಗಿಯೇ ಇದ್ದರೆ
ಯಾರನ್ನು ಬೈಯಲಿ?

ಗುರುವಾರದಿಂದ ಬೇರೆ ಔಷಧಿ.
ಪಂಪಿಗೆ ಅದರ ಗುರುತಿಲ್ಲವಂತೆ, ಸದ್ಯಕ್ಕೆ.
'ಸದ್ಯಕ್ಕೆ' ಎಂದದ್ದು ಹುಡುಗನಲ್ಲ, ನಾನು.

ಗ್ರೋನಿಂಗನ್ನಿನಿಂದ ಬರುವ ಬಸ್ಸು
ಹಳೇ ಪಂಪುಮನೆಯ ಪಕ್ಕ ಹಾದುಹೋಗುತ್ತದೆ.
ಈಗಲ್ಲಿ ಯಾರೂ ಇಲ್ಲ,
ಎಲ್ಲಿಂದಲೋ ಒಂದು ಕಂಪ್ಯೂಟರು ಓಡಿಸುತ್ತದೆ.
ಕಿಟಕಿ ಸರಿಸಿದೆ. ಕಿವಿ ತಾನೇ ಎಣಿಸಿತು:
ಎರಡು. ಇವತ್ತು ಎರಡೇ.

ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೆ.
ಅಲ್ಲೇನೂ ಕೇಳಿಸದು, ಗೊತ್ತು.
ಚೀಲದಿಂದ ನೋಟುಬುಕ್ಕು ತೆಗೆದು
ರೂಢಿಯಂತೆ ಬರೆದೆ:

ನಾಲ್ಕು ಗಂಟೆ ಹತ್ತು ನಿಮಿಷ.
ಮಟ್ಟ: ತಿಳಿಯದು.
ಪಾಳಿಯಲ್ಲಿರುವವರು: ಗೆರ್ಬ್ರಿಕ್.