ಕೆಟ್ಟವುಗಳ ಲೆಕ್ಕ

ಕಾಲೇಜಿನ ಲ್ಯಾಬಿಗೆ ನಲವತ್ತು ಕಂಪ್ಯೂಟರು.
ಹಾಲೇಶಪ್ಪ ಮೇಷ್ಟ್ರು ಸ್ಟೂಲು ಎಳೆದು ಕೂತು
"ನೀನೇ ಹೇಳು ಶಾಕಿರಾ,
ನೀಲಿಯೋರದೋ ಕೆಂಪಿನೋರದೋ,
ಯಾರ ಚಿಪ್ಪು ತಾಳಿಕೆ ಬರ್ತತಿ?"

ಮಂಡಿಪೇಟೆಯ ಈ ಗಲ್ಲಿಯಲ್ಲಿ
ಹನ್ನೊಂದು ವರ್ಷದಿಂದ ಎರಡು ಡಬ್ಬಿ ಇಟ್ಟಿದ್ದೇನೆ.
ನೀಲಿ ಕಂಪನಿಯ ಸತ್ತ ಚಿಪ್ಪು ನೀಲಿ ಮುಚ್ಚಳದ್ದಕ್ಕೆ,
ಕೆಂಪಿನದು ಕೆಂಪಿಗೆ.
ಅಲ್ಲಾಡಿಸಿದರೆ ಹುಣಸೆಬೀಜದ ಸದ್ದು.

ನೀಲಿಯದು ತುಂಬಿ ಮುಚ್ಚಳ ಕೂರುವುದಿಲ್ಲ.
ಕೆಂಪು ಅರ್ಧವೂ ಆಗಿಲ್ಲ.
"ಹಂಗಾದ್ರೆ ಕೆಂಪೇ ಬರೀತೀನಿ,"
ಮೇಷ್ಟ್ರು ಪೆನ್ನಿನ ಟೊಪ್ಪಿ ತೆಗೆದರು.

ತಡೀರಿ ಸರ್.
ಊರಲ್ಲಿ ಹತ್ತು ಜನ ಕೊಂಡರೆ
ಎಂಟು ಜನ ನೀಲಿಯದನ್ನೇ ಕೊಳ್ಳುತ್ತಾರೆ.
ಓಣಿ ತುಂಬ ಒಂದೇ ಮನೆತನದ ಮಕ್ಕಳಿದ್ದರೆ
ದವಾಖಾನೆಯಲ್ಲೂ ಅವರದೇ ಸಾಲು.
ಮತ್ತೆ, ಕೆಡದೇ ಉಳಿದದ್ದು
ಈ ಮೆಟ್ಟಿಲು ಹತ್ತಿ ಬರುವುದೇ ಇಲ್ಲ,
ಅದರ ಮುಖ ನಾನು ಕಂಡಿಲ್ಲ.
ಹೆಣ ತೊಳೆಯುವವಳನ್ನು ಕೇಳಿ
ಊರಿನ ಆಯಸ್ಸು ಬರೆದುಕೊಂಡ ಹಾಗಾಯಿತು.

ಇದು ನೋಡಿ,
ಮಂಡಕ್ಕಿ ಭಟ್ಟಿಯವರ ಲೆಕ್ಕದ ಕಂಪ್ಯೂಟರಿನದು.
ಬಿಚ್ಚಿದರೆ ಫ್ಯಾನಿನ ರೆಕ್ಕೆಗೆ ಬೆರಳುದಪ್ಪ ಮಸಿ,
ಹೊಟ್ಟಿನ ಬೂದಿ,
ಉಸಿರಿಗೆ ಸೂಜಿಮೊನೆಯಷ್ಟೂ ಸಂದಿಲ್ಲ.
ಕಂಪನಿ ಏನು ಮಾಡೀತು?
ಇದು ಇನ್ನೊಂದು, ಕೆಂಪಿನದು.
ಪೆಟ್ಟಿಗೆ ಒಡೆದ ದಿನವೇ ಕಣ್ಣು ಬಿಡಲಿಲ್ಲ.
ಇದು ಮಾತ್ರ ಹೆತ್ತವರ ಪಾಪ.
ಡಬ್ಬಿಯೊಳಗೆ ಎರಡೂ ಒಂದೊಂದೇ ಕಾಳು.

ಅಮ್ಮಿ ಕಾಟನ್ ಮಿಲ್ಲಿನಲ್ಲಿ
ಬಟ್ಟೆಯನ್ನು ಬೆಳಕಿಗೆ ಹಿಡಿಯುವ ಕೆಲಸಕ್ಕಿದ್ದಳು.
ಒಂದು ಎಳೆ ತಪ್ಪಿದರೂ ಸೀಮೆಸುಣ್ಣದ ಗೀಟು.
ಮಿಲ್ಲು ಮುಚ್ಚಿದ ಮೇಲೂ
ನೆರೆಮನೆಯ ಹರಿದ ಸೀರೆಯನ್ನು ಕಿಟಕಿಗೆ ಹಿಡಿದು ಅನ್ನುವಳು:
ನೇಯ್ದವನ ತಪ್ಪು ಬೇರೆ, ಉಟ್ಟವಳ ತಪ್ಪು ಬೇರೆ,
ಒಗೆಯೋ ಕಲ್ಲಿನದು ಮೂರನೇದು.
ಆ ಕಣ್ಣು ನನಗೆ ಪೂರ್ತಿ ಬರಲಿಲ್ಲ.
ಚಿಪ್ಪಿನೊಳಗಿನ ಎಳೆ ಯಾವ ಬೆಳಕಿಗೂ ಕಾಣದು,
ಕಂಡದ್ದು ಇಷ್ಟೇ, ಭೂತಗನ್ನಡಿಯಲ್ಲಿ:
ಈ ನೀಲಿ, ಈ ಕೆಂಪು,
ಎರಡರ ಬೆನ್ನಿಗೂ ಒಂದೇ ದೇಶದ ಮುದ್ರೆ.
ಮಾತು ಬಿಟ್ಟ ವಾರಗಿತ್ತಿಯರ ಹಿಟ್ಟು
ಒಂದೇ ಗಿರಣಿಯಲ್ಲಿ ಬೀಸಿ ಬಂದಿರಬಹುದು.

ಮೇಷ್ಟ್ರು ಗಡಿಯಾರ ನೋಡಿಕೊಂಡರು.
"ಕಮಿಟಿ ಮುಂದೆ ಏನಂತ ಓದ್ಲವ್ವ?
ಒಂದು ಹೆಸರು ಬೇಕಲ್ಲ."

ಲ್ಯಾಬಿನ ಕಿಟಕಿ ಯಾವ ಕಡೆಗಿದೆ ಸರ್?

ಅವರು ಗಾಳಿಯಲ್ಲಿ ಬೆರಳಿಂದ
ಗೇಟು, ಮೈದಾನ, ಕೊಠಡಿ ಬರೆದು ನೋಡಿ
"ಭಟ್ಟಿ ಕಡೀಗೇ ಐತಿ" ಅಂದರು, ಮೆಲ್ಲಗೆ.
ಪಟ್ಟಿಯ ತುದಿಗೆ ಸಣ್ಣಕ್ಷರದಲ್ಲಿ
ಜಾಲರಿ, ಮೂರು ಅಡಿ, ಅಂತ ಗೀಚಿಕೊಂಡರು.
ಹೆಸರಿನ ಜಾಗ ಹಾಗೇ ಇತ್ತು.

ಚಪ್ಪಲಿ ಮೆಟ್ಟುತ್ತ ತಿರುಗಿ
ನನ್ನ ಮೇಜಿನ ಹಳೇ ಡಬ್ಬಾ ತೋರಿಸಿದರು:
"ನಿಂದ್ರಾಗೆ ಯಾವ್ದೈತಿ?"

ಸ್ಟಿಕ್ಕರು ಸವೆದಿದೆ ಸರ್,
ಮರೆತುಹೋಗಿದೆ.
ಬಿಚ್ಚುವ ಪ್ರಸಂಗ ಬಂದಿಲ್ಲ.