ಹದಿನಾಲ್ಕನೇ ಚೌಕ

ಎರಡು ದಿನ ಬೆನ್ನಿಗೆ ನೀರು ಸೋಕಬಾರದು ಎಂದರು
ಮೆಗ್ಗಾನ್ ಆಸ್ಪತ್ರೆಯ ಚರ್ಮದ ಡಾಕ್ಟರು.
ಇಪ್ಪತ್ತು ಚೌಕ, ಒಂದೊಂದರೊಳಗೆ ಒಂದೊಂದು ಅನುಮಾನ:
ಬಿಂದಿಯ ಅಂಟು, ಬಳೆಯ ನಿಕ್ಕಲ್, ಸೆಂಟು, ಶಾಂಪೂ.
ಕುಂಟಾಬಿಲ್ಲೆಗೆ ಬರೆದ ಮನೆಗಳ ಹಾಗೆ
ಬೆನ್ನ ತುಂಬ ಪೆನ್ನಿನ ಗೆರೆ.

ಬೋರಲು ಮಲಗಿ ಯೋಚಿಸಿದೆ
ಇವರಲ್ಲಿ ಚಾಡಿ ಹೇಳುವವರು ಯಾರು.

ಪಟ್ಟಿ ಕಿತ್ತು ಓದಿದರು:
ಹದಿನಾಲ್ಕು ಕೆಂಪಾಗಿದೆ. ಕೂದಲ ಬಣ್ಣ.
ಹದಿನೇಳು ವರ್ಷ ದುರ್ಗಿಗುಡಿಯಲ್ಲಿ
ಎರಡು ಕುರ್ಚಿಯ ಪಾರ್ಲರಿಗೆ ಬಾಡಿಗೆ ಕಟ್ಟಿದ ಕಪ್ಪು.
ಒಂಬತ್ತೂ ಕೆಂಪು. ರಬ್ಬರು.
ಅಂದರೆ, ಆ ಕಪ್ಪಿಗೆ ಹೆದರಿ ತೊಟ್ಟ ಗ್ಲೌಸು.
ನಗು ಬಂತು.
ಕಾವಲಿಗೆ ಇಟ್ಟವನೂ ಕಳ್ಳನ ಕಡೆಯವನೇ.

ಈಗ ನೀಲಿ ಗ್ಲೌಸು. ಒಮ್ಮೆ ಹಾಕಿ ಎಸೆಯಿರಿ ಅಂದಿದ್ದಾರೆ.
ತೊಳೆದು ಒಣಹಾಕಿದ್ದೇನೆ,
ತಂತಿಯ ಮೇಲೆ ಐದೈದು ಬೆರಳು ತೊಟ್ಟಿಕ್ಕುತ್ತವೆ.
ಮೊದಲೆಲ್ಲ ಬೆರಳಿಗೇ ತಿಳಿಯುತ್ತಿತ್ತು
ಯಾವ ನೆತ್ತಿ ಜ್ವರದ್ದು, ಯಾವುದು ನಿದ್ದೆಗೆಟ್ಟದ್ದು.
ಈಗ ನೀಲಿ ಹೇಳಿದಷ್ಟು.

ಇವತ್ತು ವೈಜಯಂತಿ ಟೀಚರು, ಪಿಂಚಣಿ ಬಂದ ವಾರ,
ತಲೆತುಂಬ ಹಸಿ ಬಣ್ಣ ಹೊತ್ತು ಕೂತಿದ್ದಾರೆ.
ನನಗೋ ಹದಿನಾಲ್ಕನೇ ಚೌಕದ ತುರಿಕೆ,
ಸರಿಯಾಗಿ ಕೈ ಎಟುಕದ ಜಾಗ.
ಟೀಚರೇ, ಒಂಚೂರು... ಎಂದು ಬೆನ್ನು ಕೊಟ್ಟೆ.

ಬಾಚಣಿಗೆಯ ಹಿಡಿ ತಿರುಗಿಸಿ ಕೆರೆದರು.
ಇಲ್ಲೇನೇ?
ಸ್ವಲ್ಪ ಎಡಕ್ಕೆ.
ಇಲ್ಲೇನೇ?
ಎದುರಿನ ಕನ್ನಡಿಯಲ್ಲಿ ಕಂಡೆ,
ಅವರ ಹಣೆಯಿಂದ ಕಪ್ಪು ಹನಿಯೊಂದು ಕಿವಿಯತ್ತ ಇಳಿಯುತ್ತಿತ್ತು.
ತಕ್ಷಣ ಒರೆಸಬೇಕು, ಕಲೆ ಹೋಗುವುದಿಲ್ಲ.

ಇನ್ನೊಂದು ಸಲ ಕೆರೆಯಲಿ ಎಂದು
ಸುಮ್ಮನಿದ್ದೆ.